ದಂಡನಾಥ ಕುವರ ಲಕ್ಷ್ಮ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಸಂದರ್ಶಿಸುವವರ ದೃಷ್ಟಿ ಅದರ ಹೊರಭಿತ್ತಿಯ ಶಿಲ್ಪಸಂಪತ್ತಿನಲ್ಲಿಯೇ ಸೆರೆಯಾಗುವುದು ಸಹಜ. ಅದೇ ದೇವಾಲಯದ ದಕ್ಷಿಣ ಪಾರ್ಶ್ವದಲ್ಲಿರುವ ಕಲ್ಲುಕಂಬವೊಂದರ ಬಳಿ ನಿಲ್ಲುವವರು ವಿರಳ. ಗರುಡಗಂಬವೆಂದು ಅದನ್ನು ಕರೆಯುವರಾದರೂ ವಿಷ್ಣುದೇವಾಲಯದ ಮುಂದೆ ನಿಲ್ಲಿಸುವ ಕಂಬವಲ್ಲ ಅದು. ಒಬ್ಬ ಸೇನಾನಿಯ ಕೀರ್ತಿಗಾಗಿ ನಿಂತ ವೀರಸ್ತಂಭ. ಆತನೇ ಇಮ್ಮಡಿ ವೀರಬಲ್ಲಾಳನ ಮಂತ್ರಿಯೂ ದಂಡನಾಥನೂ ಆಗಿದ್ದ ಕುವರ ಲಕ್ಷ್ಮ.

ಕ್ರಿ. ಶ. ೧೧೭೩ರಲ್ಲಿ ಪಟ್ಟವೇರಿದ ಬಲ್ಲಾಳನ ಆಳ್ವಿಕೆ ಹೊಯ್ಸಳರ ಇತಿಹಾಸದಲ್ಲಿಯೇ ಉಜ್ವಲವಾದ ಅಧ್ಯಾಯ. ಕಲ್ಯಾಣದ ಚಾಲುಕ್ಯರ ಪ್ರಭುತ್ವ ಕುಸಿಯುತ್ತಿದ್ದ ಆ ಕಾಲದಲ್ಲಿ, ಸೇವುಣರ ಭಿಲ್ಲಮನನ್ನು ಸೊರಟೂರಿನ ರಣರಂಗದಲ್ಲಿ ಸೋಲಿಸಿ, ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಬೀಡುಬಿಟ್ಟು, ಸಾಮಂತಕುಲವೊಂದನ್ನು ಸ್ವತಂತ್ರ ಸಾಮ್ರಾಜ್ಯದ ಪದವಿಗೆ ಏರಿಸಿದವನು ಬಲ್ಲಾಳ. ಇಂತಹ ಅರಸನ ಅಂತರಂಗದ ಬಂಟ ಲಕ್ಷ್ಮ. ಒಡೆಯನ ವಾತ್ಸಲ್ಯಕ್ಕೆ ಆತ ಎಷ್ಟು ಪಾತ್ರನಾಗಿದ್ದನೆಂಬುದನ್ನು ಕುವರನೆಂಬ ಹೆಸರೇ ಸಾರುತ್ತದೆ. ಶಾಸನಕವಿಯು ಆತನ ಶೌರ್ಯವನ್ನು ಮನಸಾರೆ ಕೊಂಡಾಡಿದ್ದಾನೆ. ಕವಿಯ ಅತಿಶಯೋಕ್ತಿಯನ್ನು ಕಳೆದರೂ ಉಳಿಯುವ ಸಂಗತಿಯೊಂದಿದೆ. ಅದು ಆತ ತೊಟ್ಟ ವ್ರತ.

ಅರಸನ ಮೈಗಾವಲಿಗೆ ಬದ್ಧರಾಗಿ, ಅರಸನು ಮಡಿದ ದಿನ ತಾವೂ ಮಡಿಯುವೆವೆಂದು ಭಾಷೆಯಿತ್ತವರು ಗರುಡರು. ಅನ್ನದ ಋಣಕ್ಕಾಗಿ ಹೋರಾಡುವುದು ಜೋಳವಾಳಿ. ಒಡೆಯನ ಅಳಿವಿನಲ್ಲಿ ತಾನೂ ಅಳಿಯುವುದು ವೇಳೆವಾಳಿ. ವಿಷ್ಣುವನ್ನು ಹೊತ್ತ ಗರುಡನಿಗೆ ಸೇವೆಯ ಹೊರತು ಬೇರೆ ಬಾಳಿಲ್ಲವೆಂಬ ಭಾವನೆಯಿಂದ ಈ ಹೆಸರು ಬಂದಿರಬೇಕು. ಲಕ್ಷ್ಮನು ಈ ವ್ರತದ ಗುರುತಾಗಿ ಕಾಲಿಗೆ ತೊಡರನ್ನು ತೊಟ್ಟಿದ್ದನು. ಆತನೊಡನೆ ಬಾಳಿ ಆತನೊಡನೆ ಸಾಯಲು ಸಾವಿರ ಮಂದಿ ಭಟರು ಸಿದ್ಧರಿದ್ದರು.

೧೨೨೦ರಲ್ಲಿ ಬಲ್ಲಾಳನು ತೀರಿಕೊಂಡನು. ಲಕ್ಷ್ಮನು ಮಾತಿಗೆ ತಪ್ಪಲಿಲ್ಲ. ಮಡದಿ ಸುಗ್ಗಲದೇವಿಯೊಡನೆ, ತನ್ನ ಭಟರೊಡನೆ ಆತ ಪ್ರಾಣವನ್ನರ್ಪಿಸಿದನು. ತಮ್ಮ ಶಿರಗಳನ್ನು ತಾವೇ ಅರಿದುಕೊಳ್ಳುತ್ತಿರುವ ವೀರರ ಚಿಕ್ಕ ವಿಗ್ರಹಗಳು ಇಂದಿಗೂ ಆ ಕಂಬದಲ್ಲಿವೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಈ ಶಿಲ್ಪವನ್ನು ವಿವರಿಸಬೇಕಾದಾಗ ಕ್ಷಣಕಾಲ ತಡವರಿಸದಿರಲಾರರು.

ತಡವರಿಸುವುದು ಸರಿಯೇ. ಸ್ವಾಮಿಭಕ್ತಿಯ ಪರಾಕಾಷ್ಠೆಯನ್ನು ಕಂಡು ತಲೆಬಾಗುವ ಮನಸ್ಸೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಆ ವರ್ಷ ಪಟ್ಟಕ್ಕೆ ಬಂದ ಇಮ್ಮಡಿ ನರಸಿಂಹನಿಗೆ ಅನುಭವಿಯಾದ ದಂಡನಾಥನೊಬ್ಬ ಬೇಡವಾಗಿದ್ದನೇ? ಪಳಗಿದ ಇಷ್ಟೊಂದು ಮಂದಿಯನ್ನು ಕಳೆದುಕೊಂಡದ್ದು ನಾಡಿಗೆ ಲಾಭವೇ? ಲಕ್ಷ್ಮನ ನಿಷ್ಠೆ ಅರಸನೆಂಬ ವ್ಯಕ್ತಿಗೆ ಸಂದಿತು, ಅರಸೊತ್ತಿಗೆಗಲ್ಲ. ಇದು ಆತನೊಬ್ಬನ ದೋಷವಲ್ಲ, ಕಾಲದ ಧರ್ಮ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರಬಾಚಹಳ್ಳಿಯಲ್ಲಿಯೂ ಹೊಯ್ಸಳ ಗರುಡರ ಕಂಬಗಳಿದ್ದು, ಒಂದೇ ಮನೆತನದವರು ತಲೆಮಾರುಗಳ ಕಾಲ ಈ ವ್ರತವನ್ನು ನಡೆಸಿದ್ದು ತಿಳಿಯುತ್ತದೆ.

ಬಲ್ಲಾಳನ ಕಡೆಗಾಲದಲ್ಲಿ ನಮ್ಮ ಸೀಮೆಯ ಉಳಿಗಳಿಗೆ ಬಿಡುವಿರಲಿಲ್ಲ. ೧೨೧೯ರಲ್ಲಿ ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದರು. ಅರಸೀಕೆರೆಯ ಈಶ್ವರ ದೇವಾಲಯ, ನಕ್ಷತ್ರಾಕಾರದ ಮುಖಮಂಟಪದೊಡನೆ ೧೨೨೦ರಲ್ಲಿಯೇ ಎದ್ದುನಿಂತಿತು. ಬೇಲೂರಿನ ಚೆನ್ನಕೇಶವನ ಗುಡಿಗೆ ಆಗಲೇ ನೂರು ವರ್ಷ ಮೀರಿತ್ತು. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶವಿದೇಶಗಳ ಯಾತ್ರಿಕರು ಈ ಕಂಬದ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಅದರ ಮೇಲಿರುವುದು ಹಳಗನ್ನಡ. ಗಂಡನೊಡನೆ ಸತ್ತ ಎಷ್ಟೋ ಮಡದಿಯರು ಮಾಸ್ತಿಕಲ್ಲುಗಳಲ್ಲಿ ಬಳೆತೊಟ್ಟ ತೋಳಾಗಿ ಮಾತ್ರ ಉಳಿದಿರುವಾಗ, ಇಲ್ಲಿ ಸುಗ್ಗಲದೇವಿಯ ಹೆಸರು ಗಂಡನ ಹೆಸರಿನೊಡನೆ ಅಕ್ಷರದಲ್ಲಿ ಉಳಿದಿದೆ.