ತ.ರಾ. ಸುಬ್ಬರಾವ್

ತ.ರಾ.ಸು. ಎಂದೇ ಪ್ರಸಿದ್ಧರಾದ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ (೧೯೨೦–೧೯೮೪) ಪ್ರಗತಿಶೀಲ ಪಂಥದ ಪ್ರಮುಖ ಕನ್ನಡ ಕಾದಂಬರಿಕಾರರು. ಜನಿಸಿದ್ದು ಮಲೆಬೆನ್ನೂರಿನಲ್ಲಿ, ಮನೆತನದ ಊರು ಚಿತ್ರದುರ್ಗ ಸೀಮೆಯ ತಳುಕು. ಸ್ವಾತಂತ್ರ್ಯ ಚಳವಳಿಗಾಗಿ ವಿದ್ಯಾಭ್ಯಾಸ ತೊರೆದರು. ಕೆಲಕಾಲ ಪತ್ರಕರ್ತರಾಗಿದ್ದು, ಬಳಿಕ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡರು.

ಅವರ ಹಲವು ಕಾದಂಬರಿಗಳು ಚಲನಚಿತ್ರಗಳಾಗಿವೆ. ೧೯೬೪ರ 'ಚಂದವಳ್ಳಿಯ ತೋಟ' ರಾಷ್ಟ್ರಪ್ರಶಸ್ತಿ ಗಳಿಸಿತು. ಹೆಚ್ಚು ಚರ್ಚೆಗೊಳಗಾದದ್ದು ೧೯೭೨ರ 'ನಾಗರಹಾವು'. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರಕ್ಕೆ ಅಳವಡಿಸಿದರು. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರವಿದು. ಅಲಮೇಲು, ಮಾರ್ಗರೇಟರ ಪ್ರಸಂಗಗಳು ಇದರಲ್ಲಿ ಒಂದರ ಹಿಂದೊಂದು ಬೇಗನೆ ಸಾಗುತ್ತವೆ. ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರ ಬಾಂಧವ್ಯವೇ ಕಥೆಯನ್ನು ಹಿಡಿದಿಡುತ್ತದೆ. ಚಿತ್ರ ಅಪಾರ ಜನಪ್ರಿಯತೆ ಗಳಿಸಿತು. ಲೇಖಕರಿಗೆ ಮಾತ್ರ ತೃಪ್ತಿಯಾಗಲಿಲ್ಲ. ನಿರ್ದೇಶಕರು ನಾಗರಹಾವನ್ನು ಕೇರೆಹಾವಾಗಿಸಿದ್ದಾರೆಂಬುದು ಅವರ ಆಕ್ಷೇಪವಾಗಿತ್ತು. ಆದರೂ ದುರ್ಗದ ಕೋಟೆ, ಬಂಡೆಗಳನ್ನು ಕಾದಂಬರಿ ಓದದವರ ಮನಸ್ಸಿನಲ್ಲೂ ನೆಲೆಗೊಳಿಸಿದ್ದು ಈ ಚಿತ್ರವೇ.

ಸಂಗೀತಗಾರನೊಬ್ಬನ ಬದುಕನ್ನು ಕುರಿತ 'ಹಂಸಗೀತೆ'ಯದು ಬೇರೆಯೇ ಕಥೆ. ೧೯೫೬ರಲ್ಲಿ ಅದನ್ನು ಆಧರಿಸಿದ ಹಿಂದಿಯ 'ಬಸಂತ್ ಬಹಾರ್' ಹಾಡುಗಳಿಂದ ತುಂಬಿದ ಜನಪ್ರಿಯ ಚಿತ್ರವಾಯಿತು. ೧೯೭೫ರಲ್ಲಿ ಜಿ.ವಿ. ಅಯ್ಯರ್ ಅದನ್ನೇ ಕನ್ನಡದಲ್ಲಿ, ಶಾಸ್ತ್ರೀಯ ಸಂಗೀತವನ್ನೇ ಜೀವಾಳವಾಗಿಸಿ ನಿರ್ಮಿಸಿದರು. ಅನಂತನಾಗ್ ನಟಿಸಿದ ಈ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂತು.

ಮದಕರಿನಾಯಕನ ಪತನವನ್ನು ಚಿತ್ರಿಸುವ 'ದುರ್ಗಾಸ್ತಮಾನ' ತ.ರಾ.ಸು. ಅವರ ಮಹತ್ವದ ಐತಿಹಾಸಿಕ ಕಾದಂಬರಿ. ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಮರಣೋತ್ತರವಾಗಿ ಸಂದಿತು.