ಸಿಸ್ಟರ್ ಎಲಿಜಬೆತ್ ಕೆನ್ನಿ (1880–1952): ಜೀವನ ಮತ್ತು ಸೇವೆ

ಪೀಠಿಕೆ

ನರಮಂಡಲ ಹಾಗೂ ಅಸ್ಥಿ-ಸ್ನಾಯು ವ್ಯವಸ್ಥೆಗೆ ಸಂಬಂಧಿಸಿದ ಕಾಯಿಲೆಗಳಿಂದ ಬಳಲುವ ರೋಗಿಯ ಆರೈಕೆಯು ಸರಿಯಾದ ಪರೀಕ್ಷೆಯಿಂದ ಆರಂಭವಾಗುತ್ತದೆ. ಯಾವ ಅಂಗ ಚಲಿಸುತ್ತದೆ, ಯಾವುದು ಚಲಿಸುವುದಿಲ್ಲ, ಎಲ್ಲಿ ನೋವಿದೆ, ಯಾವ ಸ್ನಾಯು ಬಿಗಿದುಕೊಂಡಿದೆ, ಯಾವುದು ಸಡಿಲವಾಗಿದೆ ಎಂಬುದನ್ನು ರೋಗಿಯ ಹಾಸಿಗೆಯ ಬಳಿಯಲ್ಲಿ ನೋಡಿ, ಮುಟ್ಟಿ, ದಾಖಲಿಸುವುದು ದಾದಿಯ ಪ್ರಮುಖ ಕರ್ತವ್ಯಗಳಲ್ಲಿ ಒಂದಾಗಿದೆ. ಈ ಕಾರ್ಯದ ಮಹತ್ವವನ್ನು ತಮ್ಮ ಜೀವನದ ಮೂಲಕ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಆಸ್ಟ್ರೇಲಿಯಾ ದೇಶದ ಸಿಸ್ಟರ್ ಎಲಿಜಬೆತ್ ಕೆನ್ನಿಯವರು ಒಬ್ಬರು. ಪೋಲಿಯೊ ಪೀಡಿತ ಮಕ್ಕಳ ಆರೈಕೆಯ ಕ್ರಮವನ್ನೇ ಬದಲಾಯಿಸಿದ ಇವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಕಲಿಕೆ

ಎಲಿಜಬೆತ್ ಕೆನ್ನಿಯವರು 1880ರ ಸೆಪ್ಟೆಂಬರ್ 20ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ವಾರಿಯಾಲ್ಡಾ ಎಂಬಲ್ಲಿ ಜನಿಸಿದರು. ತಂದೆ ಮೈಕೆಲ್ ಕೆನ್ನಿ ಐರ್ಲೆಂಡಿನಿಂದ ಬಂದು ನೆಲೆಸಿದ ರೈತರು. ಕುಟುಂಬವು ಮುಂದೆ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ನಾಬಿ ಎಂಬ ಗ್ರಾಮದಲ್ಲಿ ನೆಲೆಸಿತು. ಇವರಿಗೆ ದೊರೆತ ಶಾಲಾ ಶಿಕ್ಷಣ ಅಲ್ಪ.

ಸುಮಾರು 17ನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ಇವರ ಮಣಿಕಟ್ಟಿನ ಮೂಳೆ ಮುರಿಯಿತು. ಟೂವೂಂಬಾ ಪಟ್ಟಣದ ಶಸ್ತ್ರಚಿಕಿತ್ಸಕರಾದ ಡಾ. ಈನಿಯಸ್ ಮ್ಯಾಕ್‌ಡಾನೆಲ್ ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದಾಗ, ವೈದ್ಯರ ಬಳಿಯಿದ್ದ ಅಂಗರಚನಾಶಾಸ್ತ್ರದ ಪುಸ್ತಕಗಳನ್ನೂ ಅಸ್ಥಿಪಂಜರದ ಮಾದರಿಯನ್ನೂ ಆಸಕ್ತಿಯಿಂದ ಅಭ್ಯಾಸ ಮಾಡಿದರು. ಯಾವ ಸ್ನಾಯು ಯಾವ ಮೂಳೆಗೆ ಅಂಟಿಕೊಂಡಿದೆ, ಅದು ಕುಗ್ಗಿದಾಗ ಯಾವ ಕೀಲು ಬಾಗುತ್ತದೆ ಎಂಬ ತಿಳಿವಳಿಕೆಯು ಇವರಿಗೆ ಹೀಗೆ ದೊರೆಯಿತು. ಯಾವುದೇ ಮಾನ್ಯತೆ ಪಡೆದ ಶುಶ್ರೂಷಾ ಶಾಲೆಯಲ್ಲಿ ಇವರು ವ್ಯಾಸಂಗ ಮಾಡಿ ಪ್ರಮಾಣಪತ್ರ ಪಡೆದವರಲ್ಲ. ಈ ಕೊರತೆಯನ್ನು ವಿರೋಧಿಗಳು ಜೀವನದುದ್ದಕ್ಕೂ ಎತ್ತಿ ತೋರಿಸಿದರು.

ಗ್ರಾಮೀಣ ದಾದಿಯಾಗಿ ಸೇವೆ

ವೈದ್ಯರಿಲ್ಲದ ಹಳ್ಳಿಗಳಲ್ಲಿ ಕೆನ್ನಿಯವರು ಹೆರಿಗೆ, ಗಾಯ, ಜ್ವರ ಮೊದಲಾದವುಗಳಿಗೆ ಮನೆಮನೆಗೆ ತೆರಳಿ ಆರೈಕೆ ಮಾಡುತ್ತಿದ್ದರು. ಆತ್ಮಕಥೆಯಲ್ಲಿ ಅವರು ತಿಳಿಸಿರುವಂತೆ, 1911ರಲ್ಲಿ ಕೈಕಾಲುಗಳು ನೋವಿನಿಂದ ಸೆಟೆದುಕೊಂಡಿದ್ದ ಒಂದು ಹೆಣ್ಣುಮಗುವಿನ ಶುಶ್ರೂಷೆಗೆ ಕರೆ ಬಂದಿತು. ಕಾಯಿಲೆ ಯಾವುದೆಂದು ತಿಳಿಯದ ಅವರು ಡಾ. ಮ್ಯಾಕ್‌ಡಾನೆಲ್ ಅವರಿಗೆ ತಂತಿ ಕಳುಹಿಸಿದರು. ಅದು ಪೋಲಿಯೊ ಎಂದೂ, ನಿರ್ದಿಷ್ಟ ಔಷಧಿ ಇಲ್ಲವೆಂದೂ, ಕಂಡುಬರುವ ಲಕ್ಷಣಗಳಿಗೆ ತಕ್ಕಂತೆ ಉಪಚರಿಸಬೇಕೆಂದೂ ಉತ್ತರ ಬಂದಿತು. ಕೆನ್ನಿಯವರಿಗೆ ಕಂಡುಬಂದ ಲಕ್ಷಣವೆಂದರೆ ಬಿಗಿದು ನೋಯುತ್ತಿದ್ದ ಸ್ನಾಯುಗಳು. ಉಣ್ಣೆಯ ಕಂಬಳಿಯನ್ನು ಪಟ್ಟಿಗಳಾಗಿ ಕತ್ತರಿಸಿ, ಕುದಿಯುವ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಆ ಸ್ನಾಯುಗಳ ಮೇಲೆ ಸುತ್ತಿದರು. ನೋವು ತಗ್ಗಿ ಮಗು ನಿದ್ರಿಸಿತು. ಈ ಘಟನೆಯ ಕೆಲವು ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಿಂದ, ಗಾಯಾಳು ಸೈನಿಕರನ್ನು ಸಾಗಿಸುವ ಹಡಗುಗಳಲ್ಲಿ ಕೆನ್ನಿಯವರು ಸೇವೆ ಸಲ್ಲಿಸಿದರು. 1917ರ ನವೆಂಬರ್‌ನಲ್ಲಿ ಅವರಿಗೆ ಸಿಸ್ಟರ್ ಎಂಬ ಸೇನಾ ಶುಶ್ರೂಷಾ ದರ್ಜೆ ದೊರೆಯಿತು. ಅವರ ಹೆಸರಿನೊಂದಿಗಿರುವ ಸಿಸ್ಟರ್ ಎಂಬ ಪದವು ಈ ದರ್ಜೆಯನ್ನು ಸೂಚಿಸುತ್ತದೆಯೇ ಹೊರತು ಅವರು ಕ್ರೈಸ್ತ ಸನ್ಯಾಸಿನಿಯಾಗಿರಲಿಲ್ಲ. ಊರಿಗೆ ಮರಳಿದ ನಂತರ, ಗಾಯಾಳುಗಳನ್ನು ಅಲುಗಾಟದ ಆಘಾತವಿಲ್ಲದೆ ಸಾಗಿಸಲು ಸಿಲ್ವಿಯಾ ಎಂಬ ಸ್ಟ್ರೆಚರ್ ರೂಪಿಸಿ 1927ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಅಂದಿನ ಚಿಕಿತ್ಸಾ ಕ್ರಮ ಮತ್ತು ಕೆನ್ನಿಯವರ ಪರೀಕ್ಷಾ ಕ್ರಮ

ಪೋಲಿಯೊ ವೈರಾಣುವು ಮೆದುಳುಬಳ್ಳಿಯಲ್ಲಿರುವ, ಸ್ನಾಯುಗಳಿಗೆ ಚಲನೆಯ ಆಜ್ಞೆ ನೀಡುವ ನರಕೋಶಗಳನ್ನು ಹಾನಿಗೊಳಿಸುತ್ತದೆ. ಸ್ಪರ್ಶಜ್ಞಾನ ಉಳಿದಿರುತ್ತದೆ, ಆದರೆ ಅಂಗವು ಬಲ ಕಳೆದುಕೊಂಡು ಸಡಿಲವಾಗುತ್ತದೆ. ಬಲವುಳ್ಳ ಸ್ನಾಯು ದುರ್ಬಲ ಸ್ನಾಯುವನ್ನು ಎಳೆದು ಅಂಗವನ್ನು ವಿಕಾರಗೊಳಿಸುತ್ತದೆ ಎಂಬ ಕಾರಣದಿಂದ, ಅಂದಿನ ವೈದ್ಯರು ಮಕ್ಕಳ ಕೈಕಾಲುಗಳನ್ನು ಕಟ್ಟುಪಟ್ಟಿ ಹಾಗೂ ಪ್ಲಾಸ್ಟರ್‌ಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಅಲುಗದಂತೆ ಇರಿಸುತ್ತಿದ್ದರು. ಕಟ್ಟಿದ ಅಂಗವನ್ನು ದಿನವೂ ಪರೀಕ್ಷಿಸಲು ಅವಕಾಶವಿರಲಿಲ್ಲ.

ಕೆನ್ನಿಯವರು ಕಟ್ಟುಗಳನ್ನು ಬಿಚ್ಚಿ ಪ್ರತಿಯೊಂದು ಸ್ನಾಯುವನ್ನೂ ಪ್ರತ್ಯೇಕವಾಗಿ ಗಮನಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು. ಮೊದಲನೆಯದು, ಸ್ನಾಯುವಿನ ನೋವಿನಿಂದ ಕೂಡಿದ ಸೆಳೆತ. ಎರಡನೆಯದು, ಸ್ನಾಯುಗಳ ನಡುವಿನ ಹೊಂದಾಣಿಕೆ ತಪ್ಪಿ, ಒಂದರ ಕೆಲಸವನ್ನು ಇನ್ನೊಂದು ಮಾಡಲು ಯತ್ನಿಸುವುದು. ಮೂರನೆಯದು, ಸ್ನಾಯುವಿದ್ದರೂ ರೋಗಿಯ ಮನಸ್ಸು ಅದನ್ನು ಬಳಸುವುದನ್ನು ಮರೆತಂತಿರುವುದು. ಇದಕ್ಕೆ ಅನುಗುಣವಾಗಿ ಮೊದಲು ಬಿಸಿ ಉಣ್ಣೆಯ ಪಟ್ಟಿಗಳಿಂದ ಸೆಳೆತವನ್ನು ಶಮನಗೊಳಿಸುವುದು, ನಂತರ ದಾದಿಯೇ ಅಂಗವನ್ನು ನಿಧಾನವಾಗಿ ಚಲಿಸುವುದು, ಕೊನೆಗೆ ಸ್ನಾಯು ಮೂಳೆಗೆ ಅಂಟಿರುವ ಸ್ಥಳದ ಕಡೆಗೆ ರೋಗಿಯ ಗಮನ ಸೆಳೆದು ಅವನಿಂದಲೇ ಚಲನೆ ಮಾಡಿಸುವುದು ಅವರ ಕ್ರಮವಾಗಿತ್ತು.

ವಿರೋಧ ಮತ್ತು ಮಾನ್ಯತೆ

1932ರಲ್ಲಿ ಟೌನ್ಸ್‌ವಿಲ್ ನಗರದಲ್ಲಿ ಒಂದು ಹಿತ್ತಲಿನಲ್ಲಿ ಕೆನ್ನಿಯವರು ಚಿಕಿತ್ಸಾಲಯ ಆರಂಭಿಸಿದರು. ಬಹುಕಾಲದಿಂದ ಪೋಲಿಯೊ ಪರಿಣಾಮ ಅನುಭವಿಸುತ್ತಿದ್ದವರೂ ಮೆದುಳಿನ ಪಾರ್ಶ್ವವಾಯು ಪೀಡಿತರೂ ಅಲ್ಲಿಗೆ ಬರುತ್ತಿದ್ದರು. ತಂದೆತಾಯಿಗಳ ಬೆಂಬಲದಿಂದ ಕ್ವೀನ್ಸ್‌ಲ್ಯಾಂಡ್ ಸರ್ಕಾರವು 1934ರಲ್ಲಿ ಅವರ ಕ್ರಮದ ಚಿಕಿತ್ಸಾಲಯಗಳಿಗೆ ನೆರವು ನೀಡಿತು. ಆದರೆ 1938ರಲ್ಲಿ ವೈದ್ಯರನ್ನೊಳಗೊಂಡ ರಾಯಲ್ ಕಮಿಷನ್ ಅವರ ಕ್ರಮವನ್ನು ತೀವ್ರವಾಗಿ ಖಂಡಿಸಿ ವರದಿ ನೀಡಿತು. ಅನಂತರವೂ ಸರ್ಕಾರವು ಬ್ರಿಸ್ಬೇನ್ ಜನರಲ್ ಆಸ್ಪತ್ರೆಯಲ್ಲಿ ಅವರಿಗೆ ಒಂದು ವಾರ್ಡನ್ನು ಒದಗಿಸಿತು. ಅಲ್ಲಿನ ವೈದ್ಯಕೀಯ ಅಧೀಕ್ಷಕರಾದ ಆಬ್ರೆ ಪೈ ಅವರು, ಕೆನ್ನಿಯವರ ರೋಗಿಗಳು ಬೇಗ ಚೇತರಿಸಿಕೊಳ್ಳುವುದನ್ನೂ ಅವರ ಅಂಗಗಳು ಹೆಚ್ಚು ಮೃದುವಾಗಿರುವುದನ್ನೂ ಒಪ್ಪಿಕೊಂಡರು.

1940ರಲ್ಲಿ ಸರ್ಕಾರದ ವೆಚ್ಚದಲ್ಲಿ ಕೆನ್ನಿಯವರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳಿದರು. ಆಗ ಅವರ ವಯಸ್ಸು 59. ಮಿನಿಯಾಪೊಲಿಸ್ ನಗರದ ಮೂಳೆ ಹಾಗೂ ಅಂಗಚಿಕಿತ್ಸಾ ತಜ್ಞರಾದ ಮೈಲ್ಯಾಂಡ್ ನ್ಯಾಪ್, ಜಾನ್ ಪೋಲ್ ಮತ್ತು ವ್ಯಾಲೇಸ್ ಕೋಲ್ ಅವರು ರೋಗಿಗಳನ್ನು ಒಪ್ಪಿಸಿ, ಫಲಿತಾಂಶವನ್ನು ಕಣ್ಣಾರೆ ಕಂಡು ಬೆಂಬಲಿಸಿದರು. 1942ರಲ್ಲಿ ಅಲ್ಲಿ ಸಿಸ್ಟರ್ ಕೆನ್ನಿ ಸಂಸ್ಥೆ ಆರಂಭವಾಯಿತು. ಅನೇಕ ದೇಶಗಳ ವೈದ್ಯರು ಹಾಗೂ ಅಂಗಮರ್ದನ ಚಿಕಿತ್ಸಕರು ತರಬೇತಿಗಾಗಿ ಬಂದರು. 1943ರಲ್ಲಿ ಅವರ ಆತ್ಮಕಥೆಯೂ 1946ರಲ್ಲಿ ಅವರನ್ನು ಕುರಿತ ಚಲನಚಿತ್ರವೂ ಹೊರಬಂದವು. 1951ರಲ್ಲಿ ಅಮೆರಿಕದ ಗ್ಯಾಲಪ್ ಜನಾಭಿಪ್ರಾಯ ಸಂಗ್ರಹಣೆಯಲ್ಲಿ ಅತ್ಯಂತ ಗೌರವಾನ್ವಿತ ಮಹಿಳೆಯರ ಪಟ್ಟಿಯಲ್ಲಿ ಅವರು ಮೊದಲ ಸ್ಥಾನ ಪಡೆದರು.

ಗುಣ ಮತ್ತು ಕೊರತೆ

ಕೆನ್ನಿಯವರ ಜೀವನವನ್ನು ಅಧ್ಯಯನ ಮಾಡುವವರು ಎರಡು ಅಂಶಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕಾಗುತ್ತದೆ. ಅವರು ಕಂಡದ್ದು ಒಂದು. ಕಂಡದ್ದಕ್ಕೆ ಅವರು ನೀಡಿದ ವಿವರಣೆ ಇನ್ನೊಂದು. ಸ್ನಾಯುಗಳ ಸೆಳೆತ ಮತ್ತು ನೋವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೆ ರೋಗದ ಮುಖ್ಯ ತೊಂದರೆ ಸ್ನಾಯುಗಳಲ್ಲಿಯೇ ಇದೆ ಎಂಬ ಅವರ ಸಿದ್ಧಾಂತವನ್ನು ವಿಜ್ಞಾನವು ಒಪ್ಪಲಿಲ್ಲ. ನರಕೋಶ ಸಂಪೂರ್ಣವಾಗಿ ನಾಶವಾದ ಕಡೆ ಯಾವ ಆರೈಕೆಯೂ ಆ ಸ್ನಾಯುವಿಗೆ ಹಿಂದಿನ ಬಲವನ್ನು ತರಲಾರದು.

ಪೋಲಿಯೊ ಪೀಡಿತರಲ್ಲಿ ಹಲವರು ಯಾವುದೇ ವಿಶೇಷ ಚಿಕಿತ್ಸೆಯಿಲ್ಲದೆಯೂ ತಕ್ಕಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಚಿಕಿತ್ಸೆಯ ಲಾಭವನ್ನು ಅಳೆಯಬೇಕಾದರೆ ಆರಂಭದ ದಿನ ಪ್ರತಿಯೊಂದು ಸ್ನಾಯುವಿನ ಬಲ ಎಷ್ಟಿತ್ತೆಂಬ ದಾಖಲೆ ಇರಬೇಕು, ಹಾಗೂ ಬೇರೆ ಕ್ರಮದಲ್ಲಿ ಚಿಕಿತ್ಸೆ ಪಡೆದವರೊಂದಿಗೆ ಹೋಲಿಕೆ ಇರಬೇಕು. ಇಂತಹ ಹೋಲಿಕೆಗೆ ಬೇಕಾದ ದಾಖಲೆಗಳನ್ನು ಕೆನ್ನಿಯವರು ಸಿದ್ಧಪಡಿಸಲಿಲ್ಲ. ಪ್ರಶ್ನಿಸಿದವರ ಮೇಲೆ ಕೋಪಗೊಳ್ಳುವುದು ಅವರ ಸ್ವಭಾವವಾಗಿತ್ತು. 1944ರಲ್ಲಿ ಅಮೆರಿಕದ ವೈದ್ಯರ ಸಮಿತಿಯೊಂದು ಅವರ ಹೇಳಿಕೆಗಳನ್ನು ಕಟುವಾಗಿ ವಿಮರ್ಶಿಸಿತು. ಹೀಗಿದ್ದರೂ, ದೀರ್ಘಕಾಲ ಅಂಗವನ್ನು ಕಟ್ಟಿಡುವ ಪದ್ಧತಿ ಕ್ರಮೇಣ ಕೈಬಿಟ್ಟುಹೋಯಿತು. ಸಿದ್ಧಾಂತದಲ್ಲಿ ಸೋತ ದಾದಿಯು ವಾರ್ಡಿನಲ್ಲಿ ಗೆದ್ದರು ಎಂದು ಹೇಳಬಹುದು.

ಕೊನೆಯ ದಿನಗಳು

ಅನ್ಯರ ಸ್ನಾಯುಗಳನ್ನು ಪರೀಕ್ಷಿಸುತ್ತಲೇ ಬಾಳಿದ ಕೆನ್ನಿಯವರನ್ನು ಕೊನೆಯ ವರ್ಷಗಳಲ್ಲಿ ನರಮಂಡಲಕ್ಕೆ ಸಂಬಂಧಿಸಿದ ಪಾರ್ಕಿನ್ಸನ್ ಕಾಯಿಲೆ ಬಾಧಿಸಿತು. 1951ರಲ್ಲಿ ಅವರು ಟೂವೂಂಬಾಕ್ಕೆ ಮರಳಿ, 1952ರ ನವೆಂಬರ್ 30ರಂದು ಅಲ್ಲಿಯೇ ನಿಧನ ಹೊಂದಿದರು. ನಾಬಿ ಗ್ರಾಮದಲ್ಲಿ ಅವರ ಸಮಾಧಿ ಇದೆ. ವಿವಾಹವಾಗದ ಅವರು ಮೇರಿ ಎಂಬ ಬಾಲಕಿಯನ್ನು ದತ್ತು ಪಡೆದಿದ್ದರು. ಮೇರಿಯವರು ಮುಂದೆ ಅವರ ಕಾರ್ಯದಲ್ಲಿ ನೆರವಾದರು. ಕೆನ್ನಿಯವರು ತೀರಿಕೊಂಡ ಮೂರನೆಯ ವರ್ಷ, 1955ರ ಏಪ್ರಿಲ್‌ನಲ್ಲಿ, ಜೋನಾಸ್ ಸಾಕ್ ಅವರ ಪೋಲಿಯೊ ಲಸಿಕೆ ಪರಿಣಾಮಕಾರಿ ಎಂದು ಘೋಷಿಸಲಾಯಿತು. ಮಿನಿಯಾಪೊಲಿಸ್‌ನ ಸಂಸ್ಥೆಯು ಪೋಲಿಯೊ ನಂತರವೂ ಪಾರ್ಶ್ವವಾಯು, ಬೆನ್ನುಹುರಿಯ ಗಾಯ ಮೊದಲಾದವುಗಳಿಂದ ಬಳಲುವವರ ಪುನಶ್ಚೇತನ ಕಾರ್ಯವನ್ನು ಮುಂದುವರಿಸಿತು.

ಸಾರ್ವಜನಿಕರ ಗಮನಕ್ಕೆ

ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣವು 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಲಾಯಿತು. ಆದರೂ ಕಣ್ಗಾವಲು ನಿಂತಿಲ್ಲ. 15 ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಹಠಾತ್ತನೆ ಸಡಿಲಗೊಂಡು ಬಲ ಕಳೆದುಕೊಂಡಲ್ಲಿ, ಕೂಡಲೇ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಅಗತ್ಯ. ಅಂತಹ ಮಗುವಿನ ಮಲದ ಎರಡು ಮಾದರಿಗಳನ್ನು 14 ದಿನಗಳೊಳಗೆ ಸಂಗ್ರಹಿಸಲಾಗುತ್ತದೆ. ಅಗತ್ಯವಿದ್ದಲ್ಲಿ 60 ದಿನಗಳ ನಂತರ ಮತ್ತೊಮ್ಮೆ ಸ್ನಾಯುಗಳ ಬಲವನ್ನು ಪರೀಕ್ಷಿಸಲಾಗುತ್ತದೆ.

ಹಿಂದೆ ಪೋಲಿಯೊ ಪೀಡಿತರಾದ ಅನೇಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಹಲವು ಸೌಲಭ್ಯಗಳಿಗೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರಬೇಕು. ಕೈಕಾಲುಗಳ ವೈಕಲ್ಯವನ್ನು ನಿರ್ಧರಿಸುವಾಗ ಕೀಲುಗಳು ಎಷ್ಟು ಚಲಿಸುತ್ತವೆ, ಸ್ನಾಯುಗಳ ಬಲ ಎಷ್ಟಿದೆ, ನಿಲ್ಲುವುದು ನಡೆಯುವುದು ಮೊದಲಾದ ಕೆಲಸಗಳು ಹೇಗೆ ಸಾಧ್ಯವಾಗುತ್ತವೆ ಎಂಬುದನ್ನು ವೈದ್ಯರು ಪರೀಕ್ಷಿಸುತ್ತಾರೆ. ಸ್ನಾಯುವಿನ ಬಲವನ್ನು 0ಯಿಂದ 5ರವರೆಗೆ ಗುರುತಿಸುವ ಪದ್ಧತಿಯಿದೆ. ಯಾವ ಚಲನೆಯೂ ಇಲ್ಲದಿದ್ದರೆ 0, ಅಂಗದ ಭಾರವನ್ನು ಮಾತ್ರ ಎತ್ತಲು ಸಾಧ್ಯವಿದ್ದರೆ 3, ಪೂರ್ಣ ಬಲವಿದ್ದರೆ 5 ಎಂದು ದಾಖಲಿಸಲಾಗುತ್ತದೆ. ಪರೀಕ್ಷೆಗೆ ಹಾಜರಾಗುವವರು ಹಳೆಯ ಚಿಕಿತ್ಸಾ ಕಾಗದಪತ್ರಗಳನ್ನು ಜೊತೆಯಲ್ಲಿ ತರುವುದು, ತಮಗೆ ಸಾಧ್ಯವಿರುವುದನ್ನೂ ಸಾಧ್ಯವಿಲ್ಲದಿರುವುದನ್ನೂ ಸಂಕೋಚವಿಲ್ಲದೆ, ಹೆಚ್ಚುಕಡಿಮೆ ಮಾಡದೆ ತಿಳಿಸುವುದು ಸೂಕ್ತ. ರೋಗಿಯನ್ನು ಗಮನವಿಟ್ಟು ನೋಡಬೇಕೆಂಬುದು ಕೆನ್ನಿಯವರ ಜೀವನದಿಂದ ದೊರೆಯುವ ಪಾಠ. ನೋಡಿದ್ದನ್ನು ಬರೆದಿಡಬೇಕೆಂಬುದು ಅವರ ಕೊರತೆಯಿಂದ ದೊರೆಯುವ ಪಾಠ.