ರವೀಂದ್ರರ ಸ್ವದೇಶಾಭಿಮಾನ

1905ನೆಯ ಇಸವಿಯ ಅಕ್ಟೋಬರ್ 16. ಲಾರ್ಡ್ ಕರ್ಜನ್ನನು ವಂಗದೇಶವನ್ನು ಎರಡು ಹೋಳು ಮಾಡಿದ ಆಜ್ಞೆ ಜಾರಿಗೆ ಬಂದ ದಿನವದು. ಅಂದು ನಲವತ್ತನಾಲ್ಕು ವರ್ಷದ ಕವಿಯೊಬ್ಬರು ಕಲ್ಕತ್ತೆಯ ಬೀದಿಗಳಲ್ಲಿ ಕಾಲ್ನಡಿಗೆಯಿಂದ ಗಂಗೆಯತ್ತ ಸಾಗಿದರು. ಅವರೇ ರಚಿಸಿದ ಹಾಡನ್ನು ಹಾಡುತ್ತ ಜನಸ್ತೋಮ ಹಿಂಬಾಲಿಸಿತು. ಸ್ನಾನ ಮುಗಿಸಿದ ಬಳಿಕ ಅವರು ಎದುರಾದವರಿಗೆಲ್ಲ ರಾಖಿ ಕಟ್ಟಿದರು. ಲಾಯದಲ್ಲಿ ಕುದುರೆಗಳ ಮೈ ತಿಕ್ಕುತ್ತಿದ್ದ ಆಳುಗಳನ್ನೂ ಬಿಡಲಿಲ್ಲ. ಅನಂತರ ಚಿತ್ಪುರದ ಮಸೀದಿಯನ್ನು ಹೊಕ್ಕರು. ಜೊತೆಯಲ್ಲಿದ್ದವರು ಜಗಳವಾದೀತೆಂದು ಅಂಜಿದರು. ಆದರೆ ಮೌಲ್ವಿಗಳು ಮುಗುಳ್ನಕ್ಕು ರಾಖಿಯನ್ನು ಕಟ್ಟಿಸಿಕೊಂಡರು. ಆ ಕವಿಯೇ ರವೀಂದ್ರನಾಥ ಠಾಕೂರರು.

ರವೀಂದ್ರರು 1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೋ ಭವನದಲ್ಲಿ ಮಹರ್ಷಿ ದೇವೇಂದ್ರನಾಥರ ಮಗನಾಗಿ ಜನಿಸಿದರು. ಸ್ವದೇಶಿ ವಸ್ತುಗಳಿಗೂ ಕಲೆಗಳಿಗೂ ಮನ್ನಣೆ ನೀಡುತ್ತಿದ್ದ ಹಿಂದೂ ಮೇಳಕ್ಕೆ ಆ ಮನೆತನದ ಆಶ್ರಯವಿತ್ತು. ಬಾಲಕ ರವೀಂದ್ರರೂ ಅಲ್ಲಿ ಕವಿತೆ ಓದಿದ್ದರು. ಅಣ್ಣ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೂ ಬಂದು, ಕಡಲ ತೀರದಲ್ಲಿ ನಾಟಕವೊಂದನ್ನು ಬರೆದರು. ಮುಂದೆ ಶಿಲಾಯಿದಹದಲ್ಲಿ ಜಮೀನು ನೋಡಿಕೊಳ್ಳುತ್ತ ಬಡ ರೈತರ ಬದುಕನ್ನು ಹತ್ತಿರದಿಂದ ಕಂಡರು. ಈ ಅನುಭವವೇ ಅವರ ಕಣ್ಣು ತೆರೆಸಿತೆನ್ನಬೇಕು.

ಸ್ವದೇಶಿ ಚಳವಳಿ ಬೆಳೆದಂತೆ ಅದರಲ್ಲಿ ಬಲಾತ್ಕಾರವೂ ಬೆರೆಯಿತು. ಅಗ್ಗದ ವಿದೇಶಿ ಬಟ್ಟೆಯನ್ನಲ್ಲದೆ ಬೇರೆಯದನ್ನು ಕೊಳ್ಳಲಾರದ ಬಡವರನ್ನು ಹೆದರಿಸಲಾಯಿತು. 1907ರಲ್ಲಿ ಕೋಮಿಲ್ಲಾ, ಜಮಾಲ್‌ಪುರಗಳಲ್ಲಿ ಹಿಂದೂ ಮುಸಲ್ಮಾನರ ನಡುವೆ ಗಲಭೆಗಳಾದವು. ರಾಖಿ ಕಟ್ಟಿದ ಕೈಗಳು ಎರಡೇ ವರ್ಷಗಳಲ್ಲಿ ದೂರವಾಗಿದ್ದವು! ಮನನೊಂದ ರವೀಂದ್ರರು ಚಳವಳಿಯಿಂದ ಹಿಂದೆ ಸರಿದು ಶಾಂತಿನಿಕೇತನದ ಶಾಲೆಗೂ ಗ್ರಾಮಸೇವೆಗೂ ಮರಳಿದರು. ನಿನ್ನೆಯವರೆಗೆ ಹೊಗಳಿದವರೇ ಅವರನ್ನು ಹಳಿದರು.

1908ರ ಏಪ್ರಿಲ್ 30ರ ರಾತ್ರಿ ಮುಜಫರ್‌ಪುರದಲ್ಲಿ ಬಾಂಬು ಸಿಡಿಯಿತು. ನ್ಯಾಯಾಧೀಶ ಕಿಂಗ್ಸ್‌ಫರ್ಡನ ಗಾಡಿಯೆಂದು ತಿಳಿದು ಇಬ್ಬರು ತರುಣರು ಎಸೆದ ಆ ಬಾಂಬಿಗೆ ನಿರಪರಾಧಿಗಳಾದ ತಾಯಿ ಮಗಳಿಬ್ಬರು ಬಲಿಯಾದರು. ತರುಣರಲ್ಲಿ ಪ್ರಫುಲ್ಲ ಚಾಕಿ ತಾನೇ ಗುಂಡು ಹಾರಿಸಿಕೊಂಡನು. ಹದಿನೆಂಟರ ಖುದಿರಾಮ ಬೋಸನು ಗಲ್ಲಿಗೇರಿದನು. ಅವರ ಧೈರ್ಯವನ್ನು ಅಲ್ಲಗಳೆಯಲಾಗದು. ಆದರೆ ಅದರ ಫಲವನ್ನು ಯಾರು ಉಂಡರು? ಸರಕಾರವು ಪತ್ರಿಕೆಗಳ ಬಾಯಿ ಕಟ್ಟಿತು. ಬಾರಿಸಾಲಿನಲ್ಲಿ ಬಹಿರಂಗವಾಗಿ ಹಳ್ಳಿಯ ಕೆಲಸ ನಡೆಸುತ್ತಿದ್ದ ಅಶ್ವಿನೀಕುಮಾರ ದತ್ತರನ್ನು ಅದೇ ಡಿಸೆಂಬರಿನಲ್ಲಿ ಗಡೀಪಾರು ಮಾಡಿ, ಮರುತಿಂಗಳು ಅವರ ಸ್ವದೇಶ ಬಾಂಧವ ಸಮಿತಿಯನ್ನೂ ಗುಪ್ತಸಂಘಗಳೊಡನೆಯೇ ನಿಷೇಧಿಸಿತು.

ಊರೆಲ್ಲ ಬಾಂಬಿನ ಸುದ್ದಿಯಿಂದ ರೋಮಾಂಚಗೊಂಡಿದ್ದಾಗಲೇ ರವೀಂದ್ರರು ಪ್ರಬಂಧವೊಂದನ್ನು ಬರೆದು, ಆವೇಶವು ಶಕ್ತಿಯಲ್ಲವೆಂದೂ ಅಡ್ಡದಾರಿಯಿಂದ ಗುರಿ ದೊರೆಯದೆಂದೂ ವಾದಿಸಿದರು. 1916ರಲ್ಲಿ ಪ್ರಕಟವಾದ ‘ಘರೇ ಬಾಯಿರೇ’ ಕಾದಂಬರಿಯಲ್ಲಿ, ದೇಶದ ಹೆಸರಿನಲ್ಲಿ ಕಿಚ್ಚು ಹೊತ್ತಿಸಿದ ಸಂದೀಪನು ಪಲಾಯನ ಮಾಡುತ್ತಾನೆ. ಅದನ್ನು ಆರಿಸಹೋದ ನಿಖಿಲೇಶನು ಪೆಟ್ಟು ತಿನ್ನುತ್ತಾನೆ.

ಇಷ್ಟರಿಂದ ರವೀಂದ್ರರು ಸರಕಾರದ ಪಕ್ಷದವರೆಂದು ಭಾವಿಸಲಾಗದು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಸುದ್ದಿ ತಿಳಿದು 1919ರಲ್ಲಿ ‘ಸರ್’ ಪದವಿಯನ್ನು ತ್ಯಜಿಸಿದವರು ಅವರೇ. 1931ರಲ್ಲಿ ಹಿಜಲಿಯ ಬಂದೀಗೃಹದಲ್ಲಿ ಕಾವಲುಗಾರರು ಇಬ್ಬರು ರಾಜಕೀಯ ಬಂದಿಗಳನ್ನು ಗುಂಡಿಟ್ಟು ಕೊಂದಾಗ, ಎಪ್ಪತ್ತು ವರ್ಷದ ವೃದ್ಧ ಕವಿ ಕಲ್ಕತ್ತೆಯ ಬಹಿರಂಗ ಸಭೆಯಲ್ಲಿ ನಿಂತು ಅದನ್ನು ಖಂಡಿಸಿದರು. ಮೂರು ವರ್ಷಗಳ ತರುವಾಯ ಗುಪ್ತಸಂಘಗಳ ಕ್ರೌರ್ಯವನ್ನು ಚಿತ್ರಿಸುವ ‘ಚಾರ್ ಅಧ್ಯಾಯ್’ ಬರೆದು ಮತ್ತೊಮ್ಮೆ ಸ್ವಜನರ ಅಸಮಾಧಾನಕ್ಕೆ ಗುರಿಯಾದರು. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲಿಯೇ, ಅವರು ಕೊನೆಯುಸಿರೆಳೆದರು.